ಬೂನ್ ಬೆಟ್ಟದ ಬೇರುಗಳ್ಳ

ಬೂನ್, ನಾರ್ತ್ ಕ್ಯಾರೊಲಿನಾ
ಮೇ ೧೮, ೧೯೯೭

ವಸಂತಕ್ಕನಿಗೆ ಬದರಿ ಮಾಡುವ ನಮಸ್ಕಾರಗಳು.

ಮುಂದಕ್ಕೆ ಓದುವ ಮೊದಲು ಭಾವನನ್ನು ಟೀವಿಯ ಮುಂದೆ ಕೂರಿಸು, ಬಾಗಿಲು ಹಾಕಿಕೊ, ಒಂದು ಲೋಟ ನೀರು ಪಕ್ಕದಲ್ಲಿಟ್ಟುಕೊ. ಇದು ತಪ್ಪೊಪ್ಪಿಗೆಯ ಪತ್ರ. ಇಪ್ಪತ್ತು ವರ್ಷ ಈ ದೇಶದ ಮಕ್ಕಳಿಗೆ ಗಣಿತ ಕಲಿಸಿ, ಒಂದು ಪಾರ್ಕಿಂಗ್ ಟಿಕೆಟ್ಟನ್ನೂ ಸಂಪಾದಿಸದೆ ಬದುಕಿದ ನಿನ್ನ ತಮ್ಮ ಬದರಿನಾಥನು ಕಳೆದ ಸೋಮವಾರ ಬೆಳಗ್ಗೆ ಅಮೆರಿಕ ಸರ್ಕಾರದ ಕಾಡಿಗೆ ನುಗ್ಗಿ ಕಳ್ಳತನ ಮಾಡಿದ್ದಾನೆ. ಕದ್ದ ಮಾಲು: ಜಿನ್ಸೆಂಗ್ ಬೇರು. ಬಳಸಿದ ಆಯುಧ: ಶೈಲಜಾ ದೋಸೆಗೆ ಇಟ್ಟುಕೊಂಡಿರುವ ಮೊಗಚೋ ಕೈ. ಪರ್ಮಿಟ್ ಇರಲಿಲ್ಲ. ಬೇರು ಅಗೆಯುವ ಕಾಲವೂ ಇದಲ್ಲ, ಅದಕ್ಕೆ ಸೆಪ್ಟೆಂಬರ್ ಬರಬೇಕಂತೆ. ಒಂದೇ ಅಗೆತಕ್ಕೆ ಎರಡು ಅಪರಾಧ ಮಾಡಿದ ಮಿತವ್ಯಯಿ ನಾನು.

ಪ್ರಚೋದನೆ ಕೊಟ್ಟವಳು ನೀನು. ಯುಗಾದಿಯ ದಿನ ಫೋನಿನಲ್ಲಿ, "ನಮ್ಮ ಲ್ಯಾಬಲ್ಲಿ ಈಗ ಜಿನ್ಸೆಂಗ್ ಮೇಲೆ ಕೆಲಸ ಕಣೋ, ಬಿಗಿದ ರಕ್ತನಾಳ ಅದರಿಂದ ಸಡಿಲ ಆಗುತ್ತೆ" ಅಂದೆಯಲ್ಲ, ಅದು ನನ್ನ ಕಿವಿಯೊಳಗೆ ಹೋಗಿ ನೇರ ಕಾಲಿಗಿಳಿಯಿತು. ಕಾಲ ಕೆಟ್ಟಿದೆ ಅಂತ ಎಲ್ಲರೂ ಗೋಳಾಡುತ್ತಾರೆ. ನನಗೆ ಕಾಲೇ ಕೆಟ್ಟಿದೆ. ನಮ್ಮ ಊರು ಪೂರ್ತಿ ಏರು. ಸ್ವಲ್ಪ ಹತ್ತಿದರೆ ಬಲಗಾಲಿನ ಮೀನಖಂಡವನ್ನು ಯಾರೋ ಒದ್ದೆಬಟ್ಟೆ ಹಿಂಡಿದ ಹಾಗೆ ಹಿಂಡುತ್ತಾರೆ. ನಿಂತರೆ ಬಿಡುತ್ತಾರೆ. ಮತ್ತೆ ಹೊರಟರೆ ಮತ್ತೆ ಹಿಂಡುತ್ತಾರೆ. ತೊಡೆಯ ನಾಳ ಕಿರಿದಾಗಿದೆ, ಸೇದಿದ ಸಿಗರೇಟುಗಳ ಪುಣ್ಯ, ಎಂದು ಡಾಕ್ಟರ್ ಹೇಳಿದರು. ಸಿಗರೇಟು ಬಿಟ್ಟಿದ್ದೇನೆ. ಅದು ನನ್ನನ್ನು ಬಿಟ್ಟಿಲ್ಲ.

ಈ ಬೆಟ್ಟಗಳಲ್ಲಿ ಜಿನ್ಸೆಂಗ್ ತಾನಾಗಿ ಬೆಳೆಯುತ್ತದೆ ಎಂದು ಲೈಬ್ರರಿಯ ಒಂದು ಕರಪತ್ರದಲ್ಲಿ ಓದಿದೆ. ಒಂದೇ ತೊಟ್ಟಿನಲ್ಲಿ ಐದು ಎಲೆ, ಚಾಚಿದ ಅಂಗೈಯಂತೆ. ನಮ್ಮ ಮನೆಯ ಹಿಂದಿನ ದಾರಿ ಹಿಡಿದು ಮೇಲೆ ಹೋದರೆ, ಮಂಜು ಬೆಳಗಿನ ಮಟ್ಟಿಗೆ ವಸತಿ ಹೂಡುವ ಒಂದು ತಿರುವು ಇದೆ. ಅಲ್ಲಿ ಒಂದು ಟ್ಯುಲಿಪ್ ಪಾಪ್ಲರ್ ಮರ. ಅದರ ಬುಡದಲ್ಲಿ ಐದು ಬೆರಳು ಚಾಚಿ ಕೂತಿತ್ತು. ಹತ್ತು ಸಲ ನಿಂತು, ಹನ್ನೊಂದನೆಯ ಸಲ ಕೂತು, ಅಂತೂ ತಲುಪಿದೆ.

ಮೈಸೂರಿನ ಪಂಡಿತ ಮಾವನನ್ನು ಮರೆತಿಲ್ಲ ತಾನೆ? ಚಾಮುಂಡಿ ಬೆಟ್ಟದ ತಪ್ಪಲಿಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ, ಬೇರು ಕೀಳುವ ಹಿಂದಿನ ದಿನ ಗಿಡಕ್ಕೆ ಅರಿಶಿನದ ದಾರ ಕಟ್ಟಿ, "ನಾಳೆ ಬರ್ತೀನಿ ತಾಯಿ, ನೊಂದ್ಕೋಬೇಡ" ಎಂದು ಕರೆದು ಬರುತ್ತಿದ್ದನಲ್ಲ. ಮಾರನೆಯ ದಿನ ಪುಷ್ಯ ನಕ್ಷತ್ರ ಇರಬೇಕು. ಹಾಗೆ ಕರೆಯದೆ ಕಿತ್ತರೆ ಕೈಗೆ ಬರುವುದು ಬೇರು ಮಾತ್ರ, ಮದ್ದು ಬರುವುದಿಲ್ಲ ಅನ್ನುತ್ತಿದ್ದ. ನಾನೂ ಭಾನುವಾರ ನಿಧಿಯನ್ನು ಜೊತೆಗೆ ಕರೆದುಕೊಂಡು ಹೋಗಿ ದಾರ ಕಟ್ಟಿದೆ. ಮಗಳು ಬಾಯಲ್ಲಿ ಚೂಯಿಂಗ್ ಗಮ್ ಇಟ್ಟುಕೊಂಡು, "ಅಪ್ಪಾ, are you talking to a plant? ಅದಕ್ಕೆ ಕನ್ನಡ ಬರುತ್ತಾ?" ಅಂದಳು. "ಇಲ್ಲೇ ಹುಟ್ಟಿದ್ದಲ್ವೇನೇ, ನಿನ್ನ ಹಾಗೇ. ಕನ್ನಡ ಅರ್ಥ ಆಗುತ್ತೆ, ಉತ್ತರ ಇಂಗ್ಲಿಷಲ್ಲಿ ಕೊಡುತ್ತೆ" ಎಂದೆ.

ಸೋಮವಾರ ಹೋಗಿ, ತಾಯಿಬೇರನ್ನು ಮುಟ್ಟದೆ, ಒಂದು ಪಕ್ಕಬೇರನ್ನಷ್ಟೇ ಕಿತ್ತು ತಂದೆ. ಈಗ ದಿನಾ ಬೆಳಗ್ಗೆ ಕಷಾಯ. ಕುಡಿದ ಮೇಲೆ ಕಾಲಿನ ಒಳಗೆ ಎಲ್ಲೋ ದೂರದಲ್ಲಿ ಒಂದು ತೂಬು ತೆರೆದ ಸದ್ದು ಕೇಳಿಸುತ್ತದೆ.

ಪಂದ್ಯ ಕಟ್ಟೋಣ. ದೀಪಾವಳಿಯೊಳಗೆ ಮನೆಯ ಬಾಗಿಲಿನಿಂದ ಆ ಗಿಡದ ತನಕ ಎಲ್ಲೂ ನಿಲ್ಲದೆ ಹತ್ತುತ್ತೇನೆ. ಹತ್ತಿದರೆ, ನಿನ್ನ ಪ್ರಯೋಗಶಾಲೆಗಿಂತ ನಿನ್ನ ತಮ್ಮನ ಕಳ್ಳತನ ದೊಡ್ಡದು ಎಂದು ಸಹಿ ಹಾಕಿ ಬರೆದುಕೊಡಬೇಕು.

ಭಾನುವಾರದ ಫೋನಿನಲ್ಲಿ ಇದರ ಉಸಿರೆತ್ತಬೇಡ. ಬೆಡ್‌ರೂಮಿನ ಇನ್ನೊಂದು ಫೋನಿನಲ್ಲಿ ಶೈಲಜಾ ಕಿವಿಯಿಟ್ಟಿರುತ್ತಾಳೆ. ಗುಟ್ಟಿಗೆ ಅಂಚೆಯೇ ಲೇಸು.

ನಿನ್ನ ಕಳ್ಳ ತಮ್ಮ,
ಬದರಿ


ಕೊಲಂಬಿಯಾ, ಮೇರಿಲ್ಯಾಂಡ್
ಮೇ ೩೦, ೧೯೯೭

ಬದರಿ,

ಆಶೀರ್ವಾದ ಈ ಸಲ ಇಲ್ಲ, ಶಿಕ್ಷೆ ಮುಗಿದ ಮೇಲೆ ನೋಡೋಣ. ಕಾಲು ನೋವು ಅಂತ ಯುಗಾದಿಯ ದಿನ ಯಾಕೆ ಹೇಳಲಿಲ್ಲ? "ಕಾಲು ಹೇಗಿದೆ" ಅಂತ ಯಾರಾದರೂ ತಾವಾಗಿ ಕೇಳುತ್ತಾರೇನೋ?

ನಾನು ಏನು ಹೇಳಿದೆ, ನೀನು ಏನು ಕೇಳಿಸಿಕೊಂಡೆ! ಸರಿಯಾಗಿ ಹೇಳುತ್ತೇನೆ, ಕೇಳು. ಇಲಿಯ ಎದೆಯಿಂದ ಹೊರಡುವ ದೊಡ್ಡ ರಕ್ತನಾಳವನ್ನು ನಾವು ಸಣ್ಣ ಸಣ್ಣ ಬಳೆಗಳಾಗಿ ಕತ್ತರಿಸುತ್ತೇವೆ. ಒಂದೊಂದೂ ಗೊಂಬೆಗೂ ಸಾಲದಷ್ಟು ಚಿಕ್ಕದು. ಅದನ್ನು ಎರಡು ಕೊಕ್ಕೆಗಳ ನಡುವೆ ಬೆಚ್ಚಗಿನ ಉಪ್ಪುನೀರಿನಲ್ಲಿ ತೂಗುಬಿಟ್ಟು, ಒಂದು ಔಷಧಿ ಹಾಕಿ ಬಿಗಿಯುವಂತೆ ಮಾಡುತ್ತೇವೆ. ಬಿಗಿದಷ್ಟೂ ಪೆನ್ನು ಕಾಗದದ ಮೇಲೆ ಗೆರೆಯನ್ನು ಮೇಲಕ್ಕೆ ಎಳೆಯುತ್ತದೆ. ಆಮೇಲೆ ಜಿನ್ಸೆಂಗ್ ಸಾರದ ಒಂದು ಹನಿ. ಪೆನ್ನು ಸ್ವಲ್ಪ ಹೊತ್ತು ಯೋಚಿಸುತ್ತದೆ. ಮತ್ತೆ ಗೆರೆ ಇಳಿಯುತ್ತಾ ಹೋಗುತ್ತದೆ, ಯಾರೋ ದೂರದಿಂದ ಮನೆಗೆ ಬಂದು, ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಒರಗಿದ ಹಾಗೆ. ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಆ ಗೆರೆ ಇಳಿಯುವಾಗ ನನ್ನ ಭುಜವೂ ತಾನಾಗಿ ಇಳಿಯುತ್ತದೆ.

ನಾಳದ ಒಳಮೈಯಲ್ಲಿ ರೇಷ್ಮೆಯಂಥ ಒಂದು ಪದರ ಇದೆ. ಆ ಪದರ ಬಿಡುವ ನೈಟ್ರಿಕ್ ಆಕ್ಸೈಡ್ ಅನ್ನೋ ಉಸಿರಿನಿಂದ ನಾಳ ಸಡಿಲವಾಗುವುದು. ಪದರವನ್ನು ಉಜ್ಜಿ ತೆಗೆದುಬಿಟ್ಟರೆ ಜಿನ್ಸೆಂಗ್ ಎಷ್ಟು ಸುರಿದರೂ ಬಳೆ ಜಪ್ಪಯ್ಯ ಅನ್ನುವುದಿಲ್ಲ. ಇಷ್ಟೇ ನಮಗೆ ಗೊತ್ತಿರುವುದು. ಇಲಿಯ ಬಳೆಗೂ ಪ್ರೊಫೆಸರ್ ಬದರಿನಾಥರ ತೊಡೆಗೂ ನಡುವೆ ಎಷ್ಟು ದೂರ ಅಂತ ಯಾರಿಗೂ ಗೊತ್ತಿಲ್ಲ.

ಎರಡು ಮಾತು. ಒಂದು: ಬೇರೆ ಯಾವ ಯಾವ ಮಾತ್ರೆ ತಗೊಳ್ತಿದ್ದೀಯಾ, ಎಲ್ಲಾ ಬರಿ. ಇನ್ನೊಂದನ್ನು ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ನಮ್ಮಲ್ಲಿರುವುದು ಅಂಗಡಿಯ ಪುಡಿ. ಕಾಡಿನ ಬೇರನ್ನು ನಾನು ಕಣ್ಣಲ್ಲಿ ನೋಡಿಲ್ಲ, ಗಿಡವನ್ನಂತೂ ಚಿತ್ರದಲ್ಲೂ ಸರಿಯಾಗಿ ನೋಡಿಲ್ಲ. ನೀನು ಕದ್ದದ್ದರಲ್ಲಿ ಒಂದು ಚೂರು ಕಳಿಸು. ಬಳೆಗೆ ತೋರಿಸೋಣ.

ಪಂದ್ಯ ಒಪ್ಪಿದೆ. ಆದರೆ ಕುಡಿಯುವುದು ನಿಲ್ಲಿಸು.

ಅಕ್ಕ


ಬೂನ್
ಜೂನ್ ೧೫, ೧೯೯೭

ವಸಂತಕ್ಕಾ,

ಕುಡಿಯುವುದು ನಿಲ್ಲಿಸು ಅಂತಲೂ ಬರೆದೆ, ಚೂರು ಕಳಿಸು ಅಂತಲೂ ಬರೆದೆ. ಪೊಲೀಸರ ಕೆಲಸವನ್ನೂ ಕಳ್ಳಮಾಲು ಕೊಳ್ಳುವವರ ಕೆಲಸವನ್ನೂ ಒಟ್ಟಿಗೆ ಮಾಡುವವಳು ನೀನೊಬ್ಬಳೇ.

ತಡವಾಯಿತು, ಕ್ಷಮಿಸು. ಪರೀಕ್ಷೆಯ ಪೇಪರುಗಳಿದ್ದವು, ಆಮೇಲೆ ಅಟ್ಲಾಂಟಾ ಪಕ್ಕದ ಡುಲುತ್‌ನಿಂದ ನವಾಬ್ ಬಂದಿದ್ದ. ನೆನಪಿದೆಯಲ್ಲ, ಮೈಸೂರಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು. ಈಗ ಅವನ ಊರಿನ ಸುತ್ತಲೂ ಕೊರಿಯಾದವರೇ ತುಂಬಿಕೊಂಡಿದ್ದಾರಂತೆ. ಅವನ ಮನೆಯ ಎದುರಿಗೇ ಅವರದೊಂದು ದೊಡ್ಡ ಅಂಗಡಿ. ಜೊತೆಗೆ ಪೆಟ್ಟಿಗೆ ತುಂಬ ಪೇರುಹಣ್ಣು ತಂದಿದ್ದ. ಅವನು ವಾಪಸು ಹೋದ ಮೇಲೆ ಪತ್ರ ಬರೆಯಲು ಕೂತಿದ್ದೇನೆ. ಚೂರು ಇದರೊಳಗಿದೆ, ಹತ್ತಿಯಲ್ಲಿ ಸುತ್ತಿದ್ದೇನೆ. ಬಣ್ಣ ಸ್ವಲ್ಪ ಕೆಂಪಗಿದ್ದರೆ ಆಶ್ಚರ್ಯಪಡಬೇಡ, ನಮ್ಮ ಕಡೆಯ ಮಣ್ಣೇ ಕೆಂಪು. ಇದು ಬೇರೆಯದೇ ಬೇರು.

ಗಿಡ ಚೆನ್ನಾಗಿದೆ. ದಿನಾ ಹೋಗಿ ಮಾತಾಡಿಸಿ ಬರುತ್ತೇನೆ. ಬೇರು ಕೊಟ್ಟವಳಿಗೆ ಅಷ್ಟಾದರೂ ಬೇಡವೆ? ಇನ್ಯಾರಾದರೂ ಕಳ್ಳರು ಬಂದಾರು ಎಂಬ ಭಯವೂ ಉಂಟು. ಕಳ್ಳನಿಗೆ ಕಳ್ಳರನ್ನು ಕಂಡರೆ ಆಗುವುದಿಲ್ಲ. ಅರ್ಧ ದಾರಿಯಲ್ಲಿ ಒಂದು ಬಂಡೆಯಿದೆ. ಮೊದಲು ಅದರ ತನಕ ಹೋಗುವಷ್ಟರಲ್ಲಿ ಮೂರು ಜನ್ಮ ಮುಗಿಯುತ್ತಿತ್ತು, ಈಗ ಒಂದೇ. ಬೆಳಗಿನ ಮಂಜು ಮೊಣಕಾಲ ಮಟ್ಟದಲ್ಲಿ ಹರಿಯುತ್ತಿರುತ್ತದೆ. ನನ್ನ ಕಾಲು ನನಗೇ ಕಾಣುವುದಿಲ್ಲ. ಕಾಣದ ಕಾಲು ನೋಯುವುದೂ ಕಡಿಮೆ, ಗಮನಿಸಿದ್ದೀಯಾ?

ನಿನ್ನ ಬಳೆಗಳು ಕನಸಿನಲ್ಲಿ ಬಂದವು. ನಾನೊಂದು ಉದ್ದನೆಯ ಓಣಿಯಲ್ಲಿ ನಡೆಯುತ್ತಿದ್ದೆ. ಗೋಡೆಗಳು ರೇಷ್ಮೆ, ಬೆಳಕು ನಸುಗೆಂಪು. ಮುಂದೆ ಹೋದಂತೆ ಓಣಿ ಅಗಲವಾಗುತ್ತಾ ಕೊನೆಗೆ ಕೃಷ್ಣರಾಜ ಬುಲೆವಾರ್ಡ್ ಆಯಿತು. ಪಂಡಿತ ಮಾವ ಸೈಕಲ್ ಮೇಲೆ ಎದುರು ಬಂದು, "ಜಾಗ ಬಿಡೋ, ರಕ್ತ ಬರ್ತಿದೆ" ಅಂದ.

ಮೇಲ್‌ಬಾಕ್ಸಿನ ಕಂಬಕ್ಕೆ ಯಾವುದೋ ಕಳೆ ಹತ್ತಿ, ಬಾಗಿಲೇ ತೆರೆಯುತ್ತಿಲ್ಲ. ಅದನ್ನು ಕಿತ್ತು ಈ ಪತ್ರ ಹಾಕಬೇಕು.

ಬದರಿ


ಕೊಲಂಬಿಯಾ
ಜುಲೈ ೨, ೧೯೯೭

ಬದರಿ,

ಶೈಲಜಾ ಫೋನ್ ಮಾಡಿದ್ದಳು. ನೀನು ಕ್ಲಾಸಿಗೆ ಹೋದ ಹೊತ್ತು ನೋಡಿಕೊಂಡು. ಎಲ್ಲಾ ಹೇಳಿದಳು.

ರಕ್ತ ಹೆಪ್ಪುಗಟ್ಟದಿರಲಿ ಅಂತ ಫೆಬ್ರವರಿಯಿಂದ ಮಾತ್ರೆ ನುಂಗುತ್ತಿದ್ದೀಯಂತೆ. ಅಕ್ಟೋಬರ್ ಹೊತ್ತಿಗೆ ಕಾಲು ಸುಧಾರಿಸದಿದ್ದರೆ ಆಪರೇಷನ್ ಅಂತೆ. ನಾನು ನೇರವಾಗಿ ಕೇಳಿದ್ದೆ, ನೀನು ಪೇರುಹಣ್ಣಿನ ಕಥೆ ಬರೆದೆ.

ಈಗ ತಮಾಷೆ ಇಲ್ಲ. ಆ ಮಾತ್ರೆ ತಗೊಳ್ಳುವ ಒಬ್ಬರು ಜಿನ್ಸೆಂಗ್ ಶುರು ಮಾಡಿದ ಮೇಲೆ ಮಾತ್ರೆಯ ಶಕ್ತಿ ಕುಂದಿತು ಅಂತ ಈ ವರ್ಷ ಒಂದು ವರದಿ ಬಂದಿದೆ. ಒಂದೇ ಒಂದು ಕೇಸ್, ಹೌದು. ಆದರೆ ನನಗೆ ಇರುವುದೂ ಒಬ್ಬನೇ ತಮ್ಮ. ಹೆಪ್ಪುಗಟ್ಟಿದ ರಕ್ತ ಕಾಲಿನಲ್ಲೇ ನಿಲ್ಲುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಇವತ್ತೇ ನಿಲ್ಲಿಸು. ಡಾಕ್ಟರಿಗೆ ಹೇಳು. ನಾಳದ ವಿಷಯ, ನಾಳೆ ಅನ್ನಬೇಡ.

ವಸಂತಾ


ಬೂನ್
ಜುಲೈ ೧೧, ೧೯೯೭

ಅಕ್ಕಾ,

ಕೊನೆಗೆ ನೀನೂ ಶ್ಲೇಷೆ ಮಾಡಿದೆ. ಎಷ್ಟು ಹೆದರಿದ್ದೀಯ ಅಂತ ಅದರಿಂದಲೇ ಗೊತ್ತಾಯಿತು.

ಹೌದು, ಹೇಳಲಿಲ್ಲ. ಸರ್ಜನ್ ಬಹಳ ಒಳ್ಳೆಯ ಮನುಷ್ಯ, ಕೈ ಬೆಚ್ಚಗಿದೆ. ಎಡಗಾಲಿನ ಸಿರೆಯೊಂದನ್ನು ತೆಗೆದು ಬಲಗಾಲಿಗೆ ಬೈಪಾಸ್ ಹಾಕುತ್ತಾರಂತೆ. ಸೀರೆ ಸಾಕು ಅಂದಿದ್ದರೆ ಶೈಲಜಾ ಎಷ್ಟು ಬೇಕಾದರೂ ಕೊಡುತ್ತಿದ್ದಳು ಎಂದು ಹೇಳಬೇಕೆನಿಸಿತು. ಇಂಗ್ಲಿಷಿನಲ್ಲಿ ಅದು ಜೋಕೇ ಅಲ್ಲ. ಪರೀಕ್ಷೆಯ ಕೋಣೆಯಲ್ಲಿ ಕಾಗದದ ಗೌನ್ ಹಾಕಿಕೊಂಡು ಕೂತಿದ್ದೆ ಅಕ್ಕಾ. ನನಗೆ ಭಯವಾದಾಗ ನಾನು ಯಾರನ್ನಾದರೂ ನಗಿಸಬೇಕು. ಅಲ್ಲಿ ನಗುವವರು ಯಾರೂ ಇರಲಿಲ್ಲ. ಮನೆಗೆ ಬಂದು ಹಿಂದಿನ ದಾರಿ ಹಿಡಿದು ಹೊರಟೆ. ಹಾಗೆ ಸಿಕ್ಕಿದ ಗಿಡ ಅದು.

ಅದಕ್ಕೇ ಬಿಡುವುದಿಲ್ಲ. ನೀನು ಹೇಳುವುದು ಪುಸ್ತಕದ ಮಾತು. ವಾರವಾರ ರಕ್ತಪರೀಕ್ಷೆ ಮಾಡುತ್ತಾರೆ. ಅಂಕಿ ಫೆಬ್ರವರಿಯಲ್ಲಿ ಹೇಗಿತ್ತೋ ಈಗಲೂ ಹಾಗೇ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ನರ್ಸಮ್ಮ, "Whatever you're doing, keep doing it" ಅಂದಳು. ನೋಡಿದೆಯಾ? ಒಬ್ಬನಿಗೆ ಹಾಗಾಯಿತು, ಇನ್ನೊಬ್ಬನಿಗೆ ಆಗಲಿಲ್ಲ. ನಮ್ಮ ಬೆಟ್ಟದ ಬೇರಿನ ಗುಣವೇ ಬೇರೆ ಇರಬಹುದು.

ಗಿಡ ಈಗ ಪಾಪ್ಲರ್ ಮರದ ಮೇಲೆ ಒಂದು ಕೈ ಇಟ್ಟುಕೊಂಡು ನಿಂತಿದೆ, ಬಸ್ಸಿಗೆ ಕಾಯುವವರ ಹಾಗೆ. ಕರಪತ್ರದಲ್ಲಿ ಒಂದು ಅಡಿ ಎಂದು ಬರೆದಿತ್ತು. ಈ ದೇಶದಲ್ಲಿ ಎಲ್ಲವೂ ಒಂದು ಸೈಜ್ ದೊಡ್ಡದೇ. ನನ್ನ ಭುಜಕ್ಕೆ ಬಂತು.

ನಾನು ಕುಡಿಯುತ್ತೇನೆ. ನೀನು ಪ್ರಾರ್ಥನೆ ಮಾಡು, ಇಲ್ಲವೇ ಇಲಿ ಕತ್ತರಿಸು.

ಬದರಿ


ಕೊಲಂಬಿಯಾ
ಆಗಸ್ಟ್ ೪, ೧೯೯೭

ಪ್ರೀತಿಯ ಬದರಿ,

ಆಶೀರ್ವಾದಗಳು.

ಮೂರು ವಾರ ಬರೆಯಲಿಲ್ಲ. ಮುನಿಸಲ್ಲ, ಯೋಚನೆ ಮಾಡುತ್ತಿದ್ದೆ.

ನಿನ್ನ ಚೂರನ್ನು ಅರೆದು ಸಾರ ತೆಗೆದು ಬಳೆಗೆ ಹನಿಸಿದೆ. ಗೆರೆ ಇಳಿಯಿತು. ಚೆನ್ನಾಗಿಯೇ ಇಳಿಯಿತು. ಇಲ್ಲಿ ಅಂದು ಮಧ್ಯಾಹ್ನ ಮಳೆ ಬರುವ ಮೊದಲಿನ ಸೆಕೆ, ಲ್ಯಾಬಿನಲ್ಲಿ ನಾನೊಬ್ಬಳೇ. ನೀರಿನಲ್ಲಿ ಆ ಚಿಕ್ಕ ಬಳೆ ನಿದ್ದೆ ಹತ್ತಿದ ಮಗುವಿನ ಮುಷ್ಟಿ ಬಿಚ್ಚಿಕೊಳ್ಳುವ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ನಿನ್ನ ಮುಷ್ಟಿ ಹಾಗೇ ಇತ್ತು. ಅಮ್ಮ ಅಡುಗೆ ಮಾಡುವಾಗ ತೊಟ್ಟಿಲು ತೂಗುತ್ತಿದ್ದವಳು ನಾನು, ನಿನಗೆ ನೆನಪಿರಲು ಸಾಧ್ಯವಿಲ್ಲ.

ಸರಿ, ಬಿಡು ಅಂತ ಇನ್ನು ಹೇಳುವುದಿಲ್ಲ. ಹೇಳಿದರೆ ನೀನು ಬಿಡುವವನೂ ಅಲ್ಲ. ಆದರೆ ಮದ್ದು ಅಂದಮೇಲೆ ಪಥ್ಯ ಇರಬೇಕು. ಪಂಡಿತ ಮಾವ ಪಥ್ಯವಿಲ್ಲದೆ ಶುಂಠಿಯನ್ನೂ ಕೊಡುತ್ತಿರಲಿಲ್ಲ. ನಿನ್ನ ಪಥ್ಯ ಇದು: ದಿನವೂ ಗಿಡದ ತನಕ ಹೋಗಬೇಕು, ಮಳೆಯಾಗಲಿ ಬಿಸಿಲಾಗಲಿ. ಕಾಲು ಹಿಂಡುವ ತನಕ ನಡಿ. ಹಿಂಡಿದ ಕೂಡಲೇ ನಿಲ್ಲಬೇಡ, ಇನ್ನೂ ಸ್ವಲ್ಪ ನಡಿ. ಆಮೇಲೆ ನಿಲ್ಲು. ಬಿಟ್ಟ ಮೇಲೆ ಮತ್ತೆ ನಡಿ. ಗಿಡವನ್ನು ಮುಟ್ಟಿ ಬಾ. ಬಂದ ಮೇಲೆ ನಿನ್ನ ಕಷಾಯ. ಹೋಗದ ದಿನ ಕಷಾಯವಿಲ್ಲ. ಇದನ್ನು ನಿನ್ನ ಡಾಕ್ಟರಿಗೂ ತೋರಿಸು, ಅವರು ಒಪ್ಪುತ್ತಾರೆ.

ಇದು ಅಕ್ಕನ ಆಜ್ಞೆ. ಇದರಲ್ಲಿ ವಿಜ್ಞಾನ ಎಷ್ಟು ಅಂತ ಕೇಳಬೇಡ.

ಅಕ್ಕ


ಬೂನ್
ಸೆಪ್ಟೆಂಬರ್ ೨೮, ೧೯೯೭

ವಸಂತಕ್ಕನಿಗೆ ಸಾಷ್ಟಾಂಗ ನಮಸ್ಕಾರಗಳು. ಈಗ ಮೊಣಕಾಲೂರಿ ಏಳಬಲ್ಲೆನಾದ್ದರಿಂದ ನಿಜವಾದ ಸಾಷ್ಟಾಂಗ.

ಇಷ್ಟು ದಿನ ಬರೆಯದಿದ್ದದ್ದು ಬೇಕೆಂದೇ. ಕೈಯಲ್ಲಿ ಖಾತ್ರಿ ಇಲ್ಲದೆ ಬಾಯಿ ಬಿಡುವವನಲ್ಲ ನಾನು (ನಗಬೇಡ). ನಿನ್ನ ಪಥ್ಯ ಒಂದು ದಿನವೂ ತಪ್ಪಿಸಲಿಲ್ಲ. ಡಾಕ್ಟರಿಗೆ ತೋರಿಸಿದೆ, ನಡೆಯುವುದನ್ನು ಮಾತ್ರ ತೋರಿಸಿದೆ. "ನಾನು ಆರು ತಿಂಗಳಿಂದ ಇದನ್ನೇ ಹೇಳ್ತಿದ್ದೆ" ಎಂದು ಅವರು ಬೇಸರ ಮಾಡಿಕೊಂಡರು. ಅವರು ಹೇಳಿದ್ದಾಗ ಅಲ್ಲಿ ಗಿಡ ಇರಲಿಲ್ಲವಲ್ಲ! ಸುಮ್ಮನೆ ನಡೆ ಅಂದರೆ ಎಲ್ಲಿಗೆ ನಡೆಯುವುದು?

ಮೊನ್ನೆ ಬೆಳಗ್ಗೆ ಏನಾಯಿತು ಕೇಳು. ಬೆಟ್ಟದ ಕೆಳಗಿನ ಕಣಿವೆಗಳೆಲ್ಲ ಹಾಲು ತುಂಬಿದ ಬಟ್ಟಲುಗಳಾಗಿದ್ದವು. ನಾನು ಏನನ್ನೋ ಯೋಚಿಸುತ್ತಾ ಹೊರಟಿದ್ದೆ. ನೀನು ತೊಟ್ಟಿಲಿನ ಮಾತು ಬರೆದಿದ್ದೆಯಲ್ಲ, ಅದನ್ನೇ ಇರಬೇಕು. ಮರಗಳು ಬಂದು ಬಂದು ಹಿಂದೆ ಹೋಗುತ್ತಿದ್ದವು. ನಾನು ನಡೆಯುತ್ತಿರುವಂತೆಯೇ ಇರಲಿಲ್ಲ, ಬೆಟ್ಟವೇ ನಿಧಾನವಾಗಿ ನನ್ನ ಕೆಳಗೆ ಹರಿಯುತ್ತಿತ್ತು. ನೋಡಿದರೆ ಎದುರಿಗೆ ಪಾಪ್ಲರ್ ಮರ, ಅರಿಶಿನದ ದಾರ. ಬಂಡೆ ಎಲ್ಲಿ ಹೋಯಿತು? ಎಲ್ಲಿ ನಿಂತೆ? ಎಲ್ಲೂ ನಿಂತಿರಲಿಲ್ಲ ಅಕ್ಕಾ. ನೋವು ಬಂದಿತ್ತೋ ಇಲ್ಲವೋ, ಬಂದಿದ್ದರೂ ನನ್ನನ್ನು ಮಾತಾಡಿಸದೆ ಹೋಗಿತ್ತು. ಮರವನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಗಿಡಕ್ಕೆ ಕನ್ನಡ ಬರುತ್ತೆ, ಅದು ಏನೂ ಅನ್ನಲಿಲ್ಲ.

ಶುಕ್ರವಾರ ಸರ್ಜನ್ ನೋಡಿದರು, ನಡೆಸಿದರು, ಪಾದದ ನಾಡಿ ಹಿಡಿದರು. ಆಪರೇಷನ್ ಬೇಡ, ಹೀಗೇ ನಡೆಯುತ್ತಿರಿ ಅಂದರು. ಶೈಲಜಾ ಕಾರಿನಲ್ಲಿ ಕೂತು, "ರೀ, ಆ ಬೆಟ್ಟಕ್ಕೆ ದಿನಾ ಯಾಕ್ ಹೋಗ್ತಿದ್ರಿ, ನಿಜ ಹೇಳಿ, ಯಾರಿದಾರೆ ಅಲ್ಲಿ?" ಅಂತ ಕೇಳಿದಳು. "ಐದು ಬೆರಳಿನವಳು ಒಬ್ಬಳಿದ್ದಾಳೆ" ಅಂದೆ.

ಆದ್ದರಿಂದ ಮಹಿಳಾ ವಿಜ್ಞಾನಿಯೇ, ಸೋಲನ್ನು ಲಿಖಿತವಾಗಿ ಒಪ್ಪಿಕೊ. ಸಹಿ ಇರಲಿ, ದಿನಾಂಕವಿರಲಿ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ.

ಗೆದ್ದ ತಮ್ಮ,
ಬದರಿನಾಥ

ಮೇಲ್‌ಬಾಕ್ಸಿನ ಕಳೆ ಮತ್ತೆ ಬಂದಿದೆ. ಮೂರನೆಯ ಸಲ. ಅದಕ್ಕೂ ಯಾರೋ ಕಷಾಯ ಕುಡಿಸುತ್ತಿರಬೇಕು.


ಕೊಲಂಬಿಯಾ
ಅಕ್ಟೋಬರ್ ೧೪, ೧೯೯೭

ಕೊಲಂಬಿಯಾದ ವಸಂತಾ ಆದ ನಾನು, ನನ್ನ ಪ್ರಯೋಗಶಾಲೆಗಿಂತ ನನ್ನ ತಮ್ಮನ ಕಳ್ಳತನ ದೊಡ್ಡದೆಂದು ಸ್ವಸ್ಥಚಿತ್ತದಿಂದ ಒಪ್ಪಿದ್ದೇನೆ. ಸಹಿ, ವಸಂತಾ.

ಇಲ್ಲಿಗೆ ಕತ್ತರಿಸಿ ಕಟ್ಟು ಹಾಕಿಸಿಕೊ. ಉಳಿದದ್ದು ನಿನಗೆ ಮಾತ್ರ.

ನಿನ್ನ ಪತ್ರ ಓದಿ ಭಾವನ ಮುಂದೆ ಅತ್ತೆ. "ಯಾಕೆ, ಏನಾಯ್ತು?" ಅಂದರು. "ಬದರಿ ನಿಲ್ಲಲಿಲ್ಲವಂತೆ" ಅಂದೆ. ಪಾಪ, ಅವರು ಗಾಬರಿಯಾಗಿಬಿಟ್ಟರು.

ಬದರಿ, ನೀನು ಜಿನ್ಸೆಂಗ್ ಕುಡಿದಿಲ್ಲ. ಒಂದು ಹನಿಯನ್ನೂ ಕುಡಿದಿಲ್ಲ. ಜುಲೈನಲ್ಲೇ ನನಗೆ ಗೊತ್ತಾಯಿತು. ನೀನು ಕಳಿಸಿದ ಚೂರು ಹಬೆಯಲ್ಲಿ ಬೇಯಿಸಿ ಒಣಗಿಸಿದ ಕೊರಿಯಾದ ಕೆಂಪು ಜಿನ್ಸೆಂಗ್. ಬೂನ್ ಕಾಡಿನಲ್ಲಿ ಬೇರುಗಳು ತಾವಾಗಿ ಇಡ್ಲಿ ಪಾತ್ರೆಯಲ್ಲಿ ಕೂತು ಬೇಯುವುದಿಲ್ಲ ಕಣೋ. ನವಾಬನಿಗೆ ಥ್ಯಾಂಕ್ಸ್ ಹೇಳು. ಆಮೇಲೆ ನಿನ್ನ ರಕ್ತದ ಅಂಕಿ ಅಲುಗಾಡಲಿಲ್ಲ ಅಂತ ಹೆಮ್ಮೆಯಿಂದ ಬರೆದೆ. ಜಿನ್ಸೆಂಗ್ ಕುಡಿದಿದ್ದರೆ ಅದು ಅಲುಗಾಡಬೇಕಿತ್ತು. ಆದರೂ ಬರೀ ಊಹೆಯ ಮೇಲೆ ನಿನ್ನ ಜೀವವನ್ನು ಪಣಕ್ಕಿಡಲು ಆಗುತ್ತದೆಯೇ? ಶೈಲಜಾಗೆ ಫೋನ್ ಮಾಡಿ ನಿನ್ನ ಕಷಾಯದ ಭರಣಿ ನೋಡು ಅಂದೆ. ನೋಡಿ, ಮೂಸಿ, ರುಚಿ ನೋಡಿ ಹೇಳಿದಳು: "ವಸಂತಕ್ಕಾ, ಇದು ನಮ್ಮನೆ ಶುಂಠಿ-ಜೀರಿಗೆ ಕಷಾಯ, ಬೆಲ್ಲ ಜಾಸ್ತಿ ಹಾಕಿದಾರೆ." ಆಮೇಲೇ ನಾನು ಉಸಿರು ಬಿಟ್ಟದ್ದು. ಆಮೇಲೇ ಪಥ್ಯ ಬರೆದದ್ದು.

ಯಾಕೆ ಕೇಳಲಿಲ್ಲ ಅನ್ನುತ್ತೀಯಾ? ಕೇಳಿದ್ದರೆ ನೀನು ಆ ಗಿಡದ ಹತ್ತಿರ ಹೋಗುವುದನ್ನು ಬಿಟ್ಟುಬಿಡುತ್ತಿದ್ದೆ. ನಡೆಯುವಾಗ ರಕ್ತ ನಾಳದ ಒಳಗೋಡೆಯನ್ನು ಸವರಿಕೊಂಡು ಹರಿಯುತ್ತೆ. ಆಗ ಆ ರೇಷ್ಮೆಯ ಪದರ ಅದೇ ಉಸಿರನ್ನು ಬಿಡುತ್ತೆ, ಜಿನ್ಸೆಂಗ್ ಹನಿಸಿದಾಗ ಬಳೆಯಲ್ಲಿ ಬಿಟ್ಟದ್ದನ್ನೇ. ಆಮೇಲೆ ಪಕ್ಕದ ಚಿಕ್ಕ ಚಿಕ್ಕ ನಾಳಗಳೂ ದಾರಿ ಮಾಡಿಕೊಡುತ್ತವೆ. ನಿನಗೆ ನಡೆಯಲು ಒಂದು ಕಾರಣ ಬೇಕಾಗಿತ್ತು. ಆ ಗಿಡ ಒಂದು ಎಲೆಯನ್ನೂ ಕಳೆದುಕೊಳ್ಳದೆ ನಿನಗೆ ಮದ್ದಾಯಿತು. ಹಾಗಾಗಿ ಪಂದ್ಯ ನೀನೇ ಗೆದ್ದೆ. ನಾನು ಬರೆದುಕೊಟ್ಟದ್ದು ಸುಳ್ಳಲ್ಲ.

ದೀಪಾವಳಿಗೆ ನಾವಿಬ್ಬರೂ ಬೂನ್‌ಗೆ ಬರುತ್ತೇವೆ. ಭಾವ ಡ್ರೈವ್ ಮಾಡ್ತೀನಿ ಅಂತ ಒಪ್ಪಿದ್ದಾರೆ. ಇಷ್ಟು ವರ್ಷ ಪುಡಿಯಲ್ಲಿ ಕೈಯಾಡಿಸಿದವಳು, ಜೀವಂತ ಜಿನ್ಸೆಂಗನ್ನು ನೋಡಬೇಕು. ಅದಕ್ಕೆ ಕೊಡಲು ಒಂದು ಹಿಡಿ ಅರಿಶಿನ-ಕುಂಕುಮ ತರುತ್ತೇನೆ. ಅಲ್ಲಿಯ ತನಕ ಅದನ್ನು ಅಗೆಯಬೇಡ.

ಅಕ್ಕ


ಬೂನ್
ಅಕ್ಟೋಬರ್ ೨೬, ೧೯೯೭

ವಸಂತಕ್ಕಾ,

ನಿನ್ನ ಒಪ್ಪಿಗೆಯ ಪತ್ರವನ್ನು ಕತ್ತರಿಸಿದೆ, ಕಟ್ಟು ತಂದೆ, ಮೊಳೆಯನ್ನೂ ಹೊಡೆದೆ. ತೂಗುಹಾಕಲು ಆಗುತ್ತಿಲ್ಲ.

ಅಗೆದೇ ಇಲ್ಲ ಅಕ್ಕಾ. ಆ ಸೋಮವಾರ ಮೊಗಚೋ ಕೈ ಹಿಡಿದು ಹೋದದ್ದು ನಿಜ. ಮೈಸೂರಿನ ಪಂಚಾಂಗದ ಗಂಟೆಗಳನ್ನು ಇಲ್ಲಿಯ ಗಂಟೆಗೆ ಇಳಿಸುವಾಗ ಕೂಡಬೇಕಾದಲ್ಲಿ ಕಳೆದೆನೋ, ಕಳೆಯಬೇಕಾದಲ್ಲಿ ಕೂಡಿದೆನೋ ಎಂದು ಗಿಡದ ಮುಂದೆ ಕೂತಾಗ ಅನುಮಾನ ಹುಟ್ಟಿತು. ನಾನು ಗಣಿತದ ಪ್ರೊಫೆಸರ್! ಪುಷ್ಯ ಮುಗಿದೇಹೋಗಿದ್ದರೆ? ಕರೆಯದ ಹೊತ್ತಿಗೆ ಬಂದು ಕೈಹಾಕಿದ ಹಾಗಾಗುತ್ತದೆ. ಮುಂದಿನ ಪುಷ್ಯಕ್ಕೆ ನೋಡೋಣ ಅಂದುಕೊಂಡು ಇಳಿದುಬಂದೆ. ಆದರೆ ಕದ್ದೆ ಅಂತ ನಿನಗೆ ಬರೆದರೆ ಚೆನ್ನಾಗಿರುತ್ತೆ ಅನ್ನಿಸಿತು, ಬರೆದೆ. ಬರೆದ ಮೇಲೆ ಅದನ್ನು ನಿಜ ಮಾಡಬೇಕಲ್ಲ, ಅದಕ್ಕೆ ದಿನಾ ಹೋದೆ. ಪ್ರತಿ ಪುಷ್ಯಕ್ಕೂ ಮೊಗಚೋ ಕೈ ಹಿಡಿದು ಹೋದೆ. ಒಂದು ಸಲ ಮಳೆ, ಒಂದು ಸಲ ನಿಧಿ, ಆಮೇಲೆ ಆಮೇಲೆ ಮನಸ್ಸೇ ಬರಲಿಲ್ಲ. ದಿನಾ ಮಾತಾಡಿಸಿದವಳ ಬುಡಕ್ಕೆ ಯಾರಾದರೂ ಕಬ್ಬಿಣ ಹಾಕುತ್ತಾರೆಯೇ?

ಇಷ್ಟನ್ನು ನೀನು ಆಗಲೇ ಬಲ್ಲೆ. ಇನ್ನು ಮುಂದಿನದು ನಿನಗೆ ಗೊತ್ತಿಲ್ಲ. ನೀನು ಅರಿಶಿನ-ಕುಂಕುಮ ಕಟ್ಟಿಕೊಳ್ಳುವ ಮೊದಲೇ ಹೇಳಿಬಿಡಬೇಕು.

ಗುರುವಾರ ಹೋದೆ. ಕಾಲೇಜಿನ ಕೆಲಸದಿಂದ ನಾಲ್ಕು ದಿನ ಹೋಗಿರಲಿಲ್ಲ. ಅಷ್ಟರಲ್ಲಿ ಇಡೀ ಕಾಡು ಬಣ್ಣ ಬದಲಿಸಿತ್ತು. ತಿರುವಿನಲ್ಲಿ ಮಂಜು ಸರಿದಾಗ, ಪಾಪ್ಲರ್ ಮರದ ಮೈಗೆ ಯಾರೋ ಬೆಂಕಿ ಹಚ್ಚಿದಂತೆ ಕಂಡಿತು. ನನ್ನ ಗಿಡ ಅಕ್ಕಾ. ಹಬ್ಬಕ್ಕೆ ಮೊದಲೇ ಹಬ್ಬಿ, ಕೊಂಬೆಯಿಂದ ಕೊಂಬೆಗೆ ಕೆಂಡದ ಬಣ್ಣದ ಐದೈದು ಬೆರಳು ಚಾಚಿ ನಿಂತಿತ್ತು. ಬುಡದಲ್ಲಿ ನನ್ನ ಅರಿಶಿನದ ದಾರ. ಹಣ್ಣು ಕೆಂಪಗಾಗಲೆಂದು ಒಳಗೊಳಗೇ ಕಾಯುತ್ತಿದ್ದೆ, ನೋಡಿದರೆ ಹಣ್ಣು ಶಾಯಿ ಸುರಿದಷ್ಟು ನೀಲಿ. ಅಷ್ಟು ಚೆಂದದ ನೋಟವನ್ನು ನಾನು ಈ ದೇಶದಲ್ಲಿ ನೋಡಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ, ಸಂತೋಷದಿಂದಲೇ. ಆಮೇಲೆ ಕರಪತ್ರ ನೆನಪಾಯಿತು. ಜಿನ್ಸೆಂಗ್ ಚಳಿಗಾಲಕ್ಕೆ ಮುಂಚೆ ಹಳದಿಯಾಗುತ್ತದೆ. ಅದರ ಹಣ್ಣು ಕೆಂಪು. ಅದು ಮರ ಹತ್ತುವುದಿಲ್ಲ.

ಇಳಿದು ಬಂದೆ, ನಿಲ್ಲದೆ. ಮನೆಯ ಮುಂದೆ ಮೇಲ್‌ಬಾಕ್ಸಿನ ಹತ್ತಿರ ಮಾತ್ರ ನಿಂತೆ. ಮೊದಲ ಬಾರಿ ಅದರ ಕಂಬವನ್ನು ಕಣ್ಣಿಟ್ಟು ನೋಡಿದೆ. ಐದು ಬೆರಳು. ಕೆಂಡದ ಬಣ್ಣ. ಪಕ್ಕದ ಮನೆಯವರ ಬೇಲಿಯ ಮೇಲೂ ಅದೇ. ಇಲ್ಲಿ ಅದು ಬೇಡವೆಂದರೂ ಬರುವ ಬಳ್ಳಿಯಂತೆ. ವರ್ಜೀನಿಯಾ ಕ್ರೀಪರ್ ಅಂತ ಹೆಸರು.

ನೀವು ಖಂಡಿತ ಬನ್ನಿ. ಮೇಲೆ ಕರೆದುಕೊಂಡು ಹೋಗುತ್ತೇನೆ, ಅರಿಶಿನ-ಕುಂಕುಮ ಅವಳಿಗೇ ಕೊಡೋಣ. ಮನೆಯ ಬಾಗಿಲಲ್ಲೇ ಇದ್ದಾಳೆ ಅಂತ ಮೇ ತಿಂಗಳಲ್ಲಿ ಗೊತ್ತಾಗಿದ್ದರೆ ನಾನು ಮೇಲ್‌ಬಾಕ್ಸಿಗಿಂತ ಆಚೆ ಹೋಗುತ್ತಿರಲಿಲ್ಲ, ಈ ಪತ್ರವನ್ನು ಆಸ್ಪತ್ರೆಯ ಮಂಚದಿಂದ ಬರೆಯುತ್ತಿದ್ದೆ. ಆದರೆ ನಿಧಿಯ ಮುಂದೆ, ಶೈಲಜಾಳ ಮುಂದೆ, ವಿಶೇಷವಾಗಿ ಭಾವನ ಮುಂದೆ, ಬೇರುಗಳ್ಳ ಎಂಬ ನನ್ನ ಬಿರುದನ್ನು ಎತ್ತಬೇಡ. ಆ ಮೊಗಚೋ ಕೈಯಿಂದ ಈ ವರ್ಷ ನಾನು ಅಗೆದ ಬೇರು ನಮ್ಮ ಮೇಲ್‌ಬಾಕ್ಸಿನ ಕಳೆಯದು ಮಾತ್ರ. ಮೂರು ಸಲ ಅಗೆದೆ. ಮೂರು ಸಲವೂ, ಕರೆಯದೆ, ದಾರ ಕಟ್ಟದೆ, ಬೈದುಕೊಂಡು ಕಿತ್ತು, ಕಸದ ಡಬ್ಬಿಗೆ ಹಾಕಿದೆ.

ಬದರಿ